ಕೃಷಿ ಮೇಳಕ್ಕೋ, ಭಾನುವಾರದ ಸಂತೆಗೋ? ನೇರ ಮಾರಾಟಕ್ಕೆ ಇಳಿದ ರೈತರು ಎಲ್ಲಿಗೆ ಹೋದರೆ ಗಿಟ್ಟುತ್ತದೆ

ಬೆಳೆದದ್ದನ್ನು ಮಂಡಿಗೆ ಹಾಕುವುದು ಬಿಟ್ಟು ಸ್ವಂತ ಗಿರಾಕಿ ಹುಡುಕಲು ಹೊರಟವರು ಮೊದಲು ಕೇಳುವುದು ಇದನ್ನೇ: ಯಾವ ಮೇಳದಲ್ಲಿ ಮಳಿಗೆ ಹಾಕೋಣ? ಕರ್ನಾಟಕದಲ್ಲಿ ಮೇಳಗಳಿಗೇನೂ ಬರವಿಲ್ಲ. ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಧಾರವಾಡದ ಕೃಷಿ ಮೇಳ, ನವೆಂಬರ್‌ನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ್ದು, ಜನವರಿಯಲ್ಲಿ ಅರಮನೆ ಮೈದಾನದ ಸಾವಯವ ಮತ್ತು ಸಿರಿಧಾನ್ಯ ಮೇಳ, ಹೆಚ್ಚುಕಡಿಮೆ ಅದೇ ಹೊತ್ತಿಗೆ ಜೋಯಿಡಾದ ಗೆಡ್ಡೆ ಮೇಳ, ಬೇಸಿಗೆಗೆ ಲಾಲ್‌ಬಾಗಿನ ಮಾವು-ಹಲಸು. ನಡುವೆ ಊರೂರಿನ ಬೀಜ ಮೇಳ, ವಾರದ ಸಂತೆ, ದನದ ಜಾತ್ರೆ ಬೇರೆ. ಎಲ್ಲದಕ್ಕೂ ಹೋದರೆ ಹೊಲ ನೋಡುವವರಿರುವುದಿಲ್ಲ.

ಹೆಚ್ಚಿನವರು ಎಡವುವುದು ಎಷ್ಟು ಜನ ಸೇರುತ್ತಾರೆ ಎಂದು ನೋಡಿ ಮೇಳ ಆರಿಸುವಲ್ಲಿ. ಲಕ್ಷಗಟ್ಟಲೆ ಜನ ಓಡಾಡಿದ ಮೇಳದಿಂದ ಒಬ್ಬ ಖಾಯಂ ಗಿರಾಕಿಯೂ ಸಿಗದೆ ವಾಪಸಾಗಬಹುದು. ಇನ್ನೂರು ಜನ ಬಂದ ಗೆಡ್ಡೆ ಮೇಳದಿಂದ ವರ್ಷವಿಡೀ ಕೇಳುವ ಹತ್ತು ಮನೆ, ಎರಡು ಹೋಟೆಲ್ ಸಿಗಬಹುದು. ಬಂದವರಲ್ಲಿ ಎಷ್ಟು ಮಂದಿ ಮುಂದಿನ ತಿಂಗಳೂ ನಿಮ್ಮಿಂದ ಕೊಳ್ಳುವ ಸ್ಥಿತಿಯಲ್ಲಿದ್ದಾರೆ, ಅವರಿಗೆ ಮಾಲು ಮುಟ್ಟಿಸಿದರೆ ಗಾಡಿ ಬಾಡಿಗೆ ಹೋಗಿ ಏನಾದರೂ ಉಳಿಯುತ್ತದೆಯೇ, ಇಷ್ಟನ್ನು ನೋಡಿದರೆ ಅರ್ಧ ಗೊಂದಲ ಕಳೆಯುತ್ತದೆ.

ಮೊದಲು ಲೆಕ್ಕ, ಆಮೇಲೆ ಅರ್ಜಿ

ಆಯ್ಕೆಗೆ ಮುನ್ನ ನಾಲ್ಕು ವಿಷಯ ಬರೆದಿಟ್ಟುಕೊಳ್ಳಿ. ಅಲ್ಲಿಗೆ ಬರುವವರು ಯಾರು: ಸುತ್ತಾಡಲು ಬಂದ ಸಂಸಾರಗಳೋ, ಬೀಜ-ಯಂತ್ರ ನೋಡಲು ಬಂದ ರೈತರೋ, ಸಗಟು ಕೊಳ್ಳುವವರೋ? ನಿಮ್ಮ ಮಾಲು ಎಷ್ಟು ದಿನ ತಾಳುತ್ತದೆ? ಅಲ್ಲಿ ಸಿಕ್ಕ ಗಿರಾಕಿ ನಿಮ್ಮ ಊರಿಂದ ಎಷ್ಟು ದೂರ? ನಾಲ್ಕನೆಯದು ಖರ್ಚು. ಇದನ್ನು ಬಾಯಿಲೆಕ್ಕದಲ್ಲಿ ಮುಗಿಸಬೇಡಿ.

ಒಂದು ಮಾದರಿ ಲೆಕ್ಕ ಹೀಗಿದೆ. ನವಣೆ ಅಕ್ಕಿ ಮಾರುವ ಗುಂಪೊಂದು ದೂರದ ನಗರದ ಮೂರು ದಿನದ ಮೇಳಕ್ಕೆ ಹೋಗುತ್ತದೆ ಅನ್ನಿ. ಮಳಿಗೆಗೆ 6,000, ಟೆಂಪೋಗೆ 5,000, ಇಬ್ಬರ ಊಟ-ವಸತಿಗೆ 4,500, ಬ್ಯಾನರ್, ಕವರ್, ಲೇಬಲ್‌ಗೆ 2,500. ಒಟ್ಟು 18,000 ರೂಪಾಯಿ. ಮಿಲ್ ಮಾಡಿಸಿ ಪ್ಯಾಕೆಟ್ ಕಟ್ಟುವ ಹೊತ್ತಿಗೆ ಕೆಜಿಗೆ 85 ರೂಪಾಯಿ ಬಿದ್ದು, 120ಕ್ಕೆ ಮಾರಿದರೆ ಉಳಿಯುವುದು 35. ಹಾಕಿದ ದುಡ್ಡು ಮರಳಲು 515 ಕೆಜಿ ಹೋಗಬೇಕು. ಒಂದು ಮೇಜು, ಇಬ್ಬರು ಮನುಷ್ಯರು, ಪಕ್ಕದಲ್ಲಿ ಅದೇ ನವಣೆ ಇಟ್ಟ ಇನ್ನೂ ಹತ್ತು ಮಳಿಗೆ. ಕೆಜಿ ಪ್ಯಾಕೆಟ್‌ನಲ್ಲಿ ಅಷ್ಟು ಹೋಗುವುದು ಕಷ್ಟ. ಅದೇ ಗುಂಪು ಹತ್ತಿರದ ಪಟ್ಟಣದ ಭಾನುವಾರದ ಸಂತೆಗೆ 1,500 ರೂಪಾಯಿ ಖರ್ಚಲ್ಲಿ ಹೋಗಿ ಬಂದರೆ 43 ಕೆಜಿಗೆ ಅಸಲು ಬಂತು.

ಹಾಗೆಂದು ದೊಡ್ಡ ಮೇಳ ದಂಡ ಎಂದಲ್ಲ. ಅಲ್ಲಿಗೆ ಪ್ಯಾಕೆಟ್ ಮಾರಲು ಹೋಗಬಾರದು, ಆರ್ಡರ್ ಹಿಡಿಯಲು ಹೋಗಬೇಕು. ನಿಮ್ಮ ಅಂಕಿಗಳನ್ನು ಇದೇ ಲೆಕ್ಕಕ್ಕೆ ಹಾಕಿ ನೋಡಿ. ಮೂರು ದಿನ ಹೊಲದಲ್ಲಿ ತಪ್ಪುವ ಇಬ್ಬರ ಕೂಲಿಯನ್ನೂ ಸೇರಿಸಿ. ಮನೆಯವರ ದುಡಿಮೆಗೆ ಲೆಕ್ಕ ಬೇಡ ಅನ್ನುವ ಅಭ್ಯಾಸದಿಂದಲೇ ಎಷ್ಟೋ ಗುಂಪುಗಳು ಎರಡನೇ ವರ್ಷಕ್ಕೆ ಸುಸ್ತಾಗುತ್ತವೆ.

ವಿಶ್ವವಿದ್ಯಾಲಯಗಳ ಕೃಷಿ ಮೇಳ

ಬೆಂಗಳೂರು, ಧಾರವಾಡ, ರಾಯಚೂರು, ಶಿವಮೊಗ್ಗದ ಕೃಷಿ ವಿಶ್ವವಿದ್ಯಾಲಯಗಳು ನಡೆಸುವ ಮೇಳಗಳು, ಬಾಗಲಕೋಟೆಯ ತೋಟಗಾರಿಕೆ ಮೇಳ, ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ (ಐಐಎಚ್‌ಆರ್) ಮೇಳ ಎಲ್ಲವೂ ಮೂಲದಲ್ಲಿ ಕಲಿಕೆಯ ಜಾಗಗಳು. ಹೊಸ ತಳಿಯ ತಾಕು, ಯಂತ್ರ, ಬೀಜ, ವಿಜ್ಞಾನಿಗಳೊಡನೆ ಮಾತು. ಧಾರವಾಡದ್ದು ಹಿಂಗಾರಿ ಬಿತ್ತನೆಗೆ ಮುಂಚೆ ಬರುವುದರಿಂದ ಜೋಳ, ಕಡಲೆ ಬೀಜದ ಸಾಲಿನ ಮುಂದೆಯೇ ಜನ. ಅಲ್ಲಿಗೆ ಬರುವ ರೈತ ನಿಮ್ಮ ಹಾಗೆಯೇ ಬೆಳೆಗಾರ. ಅವನು ನಿಮ್ಮ ಅಕ್ಕಿ ಕೊಳ್ಳುವವನಲ್ಲ.

ನೀವು ಮಾರುವುದು ಸಸಿ, ನಾಟಿ ಬೀಜ, ಎರೆಗೊಬ್ಬರ, ಸಣ್ಣ ಸಲಕರಣೆಯಾದರೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ತಿನ್ನುವ ಪದಾರ್ಥವಾದರೆ ಅಲ್ಲೇ ಕೂತು ತಿನ್ನುವಂಥದ್ದು ಮಾತ್ರ ಓಡುತ್ತದೆ. ಬೆಂಗಳೂರಿನಲ್ಲಿ ವಾರಾಂತ್ಯಕ್ಕೆ ನಗರದ ಸಂಸಾರಗಳು ಬರುತ್ತವೆ, ಅದೊಂದು ವ್ಯತ್ಯಾಸ. ಕಂಪನಿಗಳಿಗೆ ಹೇಳುವ ಬಾಡಿಗೆ ಕೇಳಿ ಗಾಬರಿಯಾಗಬೇಡಿ. ಸ್ವಸಹಾಯ ಸಂಘ, ರೈತ ಉತ್ಪಾದಕ ಸಂಸ್ಥೆ (ಎಫ್‌ಪಿಒ) ಇವುಗಳಿಗೆ ಬೇರೆ ದರವೋ ಬೇರೆ ಸಾಲೋ ಇದೆಯೇ ಎಂದು ನಿಮ್ಮ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಎರಡು ತಿಂಗಳು ಮುಂಚೆಯೇ ವಿಚಾರಿಸಿ.

ಜನಜಂಗುಳಿಯಲ್ಲಿ ಮೊಬೈಲ್ ನೆಟ್‌ವರ್ಕ್ ಕೈಕೊಡುತ್ತದೆ. ಕ್ಯೂಆರ್ ಹಲಗೆ ಇಟ್ಟು, ದುಡ್ಡು ಬಂತೋ ಇಲ್ಲವೋ ಎಂದು ಫೋನ್ ನೋಡುತ್ತ ನಿಲ್ಲುವಷ್ಟರಲ್ಲಿ ಮೂವರು ಗಿರಾಕಿ ಮುಂದೆ ಹೋಗಿರುತ್ತಾರೆ. ಹತ್ತು, ಇಪ್ಪತ್ತರ ಚಿಲ್ಲರೆ ಎರಡು ಸಾವಿರದಷ್ಟಾದರೂ ಜೊತೆಗಿರಲಿ. ಬೆಲೆಯನ್ನು 50, 100 ಹೀಗೆ ಸರಿಯಂಕಿಗೆ ಬರುವಂತೆ ಪ್ಯಾಕೆಟ್ ಗಾತ್ರವನ್ನೇ ಹೊಂದಿಸಿ.

ಮೊದಲ ವರ್ಷ ಇಲ್ಲಿ ಮಳಿಗೆ ಬೇಡ. ಬಸ್ಸಿನಲ್ಲಿ ಹೋಗಿ, ಒಂದು ದಿನ ನೋಡಿಕೊಂಡು ಬನ್ನಿ.

ಸಾವಯವ ಮತ್ತು ಸಿರಿಧಾನ್ಯ ವಾಣಿಜ್ಯ ಮೇಳ

ರಾಜ್ಯ ಕೃಷಿ ಇಲಾಖೆ 2017ರಲ್ಲಿ ರಾಷ್ಟ್ರ ಮಟ್ಟದಲ್ಲಿ ಶುರುಮಾಡಿ, 2018ರಿಂದ ಅಂತರರಾಷ್ಟ್ರೀಯ ಎಂದು ಕರೆದ ಮೇಳ ಇದು. ಇಲ್ಲಿ ಮೂರು ಬಗೆಯ ಜನ ಒಟ್ಟಿಗೆ ಸಿಗುತ್ತಾರೆ: ಆರೋಗ್ಯದ ಕಾಳಜಿಯ ನಗರದವರು, ರಾಜ್ಯದ ಎಲ್ಲ ಕಡೆಯ ರೈತ ಗುಂಪುಗಳು, ಸಗಟು ಕೊಳ್ಳುವ ಕಂಪನಿಗಳು. ಕೊಳ್ಳುವವರನ್ನೂ ಮಾರುವವರನ್ನೂ ಎದುರುಬದುರು ಕೂರಿಸುವ ಸಭೆಗಳು ನಡೆಯುತ್ತವೆ. ನಿಮಗೆ ಬೇಕಾದ್ದು ಅದು. ಹಿಂದಿನ ಲೆಕ್ಕದ 18,000 ಇಲ್ಲಿ ಗಿಟ್ಟಬೇಕಾದರೆ ಆ ಕುರ್ಚಿಯಲ್ಲಿ ತಯಾರಾಗಿ ಕೂರಬೇಕು.

ಎದುರಿಗೆ ಕೂತವರು ಕೇಳುವ ಪ್ರಶ್ನೆಗಳು ಬಹುತೇಕ ಒಂದೇ. ತಿಂಗಳಿಗೆ ಎಷ್ಟು ಕ್ವಿಂಟಲ್ ಕೊಡುತ್ತೀರಿ? ತೇವಾಂಶ ಎಷ್ಟು? ಕಲ್ಲು, ಹೊಟ್ಟು ಎಷ್ಟು? ಸಾವಯವ ಪ್ರಮಾಣಪತ್ರ ಯಾವುದು, ರೈತರ ಗುಂಪೇ ಪರಸ್ಪರ ನೋಡಿ ಒಪ್ಪುವ ಪಿಜಿಎಸ್ಸೋ, ಹೊರಗಿನ ಸಂಸ್ಥೆ ಪರಿಶೀಲಿಸಿ ಕೊಡುವ ಎನ್‌ಪಿಒಪಿಯೋ? ಮಿಲ್ ಸ್ವಂತದ್ದೋ, ಹೊರಗೆ ಮಾಡಿಸುವುದೋ? ಇವಿಷ್ಟಕ್ಕೂ ಉತ್ತರ ಇರುವ ಒಂದು ಪುಟ ಅಚ್ಚು ಹಾಕಿಸಿ, ಜೊತೆಗೆ 250 ಗ್ರಾಂ ಮಾದರಿ ಪ್ಯಾಕೆಟ್ ಒಂದಿಪ್ಪತ್ತು ಕಟ್ಟಿಕೊಳ್ಳಿ.

ವ್ಯವಹಾರ ಕೆಡುವುದು ಎರಡು ಕಡೆ. ಮೊದಲನೆಯದು ಮಾದರಿ. ಮನೆಯಲ್ಲಿ ಮೊರದಲ್ಲಿ ಕೇರಿ, ಕಲ್ಲು ಆರಿಸಿ, ಚಂದ ಮಾಡಿದ ಕಾಲು ಕೆಜಿ ಮೇಳದಲ್ಲಿ ಕೊಡುತ್ತಾರೆ. ಆರ್ಡರ್ ಬಂದ ಮೇಲೆ ಮಿಲ್‌ನಿಂದ ನೇರ ಬಂದ ಐದು ಕ್ವಿಂಟಲ್ ಕಳಿಸುತ್ತಾರೆ. ಅದರಲ್ಲಿ ಕಲ್ಲು, ಸಿಪ್ಪೆ ಬಿಡದ ಕಾಳು ಎರಡೂ ಇರುತ್ತವೆ. ಮಾಲು ವಾಪಸ್, ಗಾಡಿ ಬಾಡಿಗೆ ಎರಡು ಸಲ, ನಂಬಿಕೆ ಹೋಯಿತು. ಮಾದರಿಯನ್ನು ಕಳಿಸಲಿರುವ ಮೂಟೆಯಿಂದಲೇ, ಬೇರೆ ಬೇರೆ ಮೂಟೆಯ ಮೇಲೆ, ನಡುವೆ, ಕೆಳಗೆ ಕೈ ಹಾಕಿ ತೆಗೆಯಿರಿ. ಎರಡನೆಯದು ಪ್ರಮಾಣ. ನವಣೆ ಕೊಯ್ಲು ವರ್ಷಕ್ಕೊಮ್ಮೆ. ನೂರು ಕೆಜಿ ಕಾಳಿಂದ ಸಾಮಾನ್ಯವಾಗಿ ಸಿಗುವುದು 60ರಿಂದ 70 ಕೆಜಿ ಅಕ್ಕಿ. ಹತ್ತು ಮಂದಿಯ ಮನೆಯಲ್ಲಿ 60 ಕ್ವಿಂಟಲ್ ಕಾಳಿದ್ದರೆ ಅಕ್ಕಿ 36ರಿಂದ 42 ಕ್ವಿಂಟಲ್, ಅಂದರೆ ತಿಂಗಳಿಗೆ ಮೂರು ಕ್ವಿಂಟಲ್. ಅಷ್ಟನ್ನೇ ಒಪ್ಪಿಕೊಳ್ಳಿ. ಹೊಟ್ಟು ತೆಗೆದ ಅಕ್ಕಿಗೆ ಬೇಗ ಹುಳು ಬೀಳುತ್ತದೆ, ಹಿಟ್ಟು ಮಾಡಿದರೆ ಇನ್ನೂ ಬೇಗ ಕಮಟು ವಾಸನೆ ಬರುತ್ತದೆ. ಹಾಗಾಗಿ ಕಾಳಾಗಿಯೇ ಕಾದಿಟ್ಟು, ಆರ್ಡರ್ ಬಂದಷ್ಟನ್ನು ಮಾತ್ರ ಮಿಲ್‌ಗೆ ಹಾಕಿಸಿ.

ಕಾಗದಪತ್ರದ ಮಾತು ಬಂದಿದ್ದರಿಂದ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಹೊಲದಲ್ಲಿ ಬೆಳೆದದ್ದನ್ನು ರೈತ ಹಾಗೆಯೇ ಮಾರಿದರೆ 2006ರ ಆಹಾರ ಸುರಕ್ಷತಾ ಕಾಯ್ದೆ ಅವನಿಗೆ ಅನ್ವಯಿಸುವುದಿಲ್ಲ. ಹಿಟ್ಟು, ಹಪ್ಪಳ, ತುಪ್ಪ, ಉಪ್ಪಿನಕಾಯಿ ಎಂದೊಡನೆ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನೋಂದಣಿ ಬೇಕು. ಪ್ಯಾಕೆಟ್ ಮೇಲೆ ತಯಾರಕರ ಹೆಸರು-ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಪ್ಯಾಕ್ ಮಾಡಿದ ದಿನ, ದೂರಿಗೆ ಫೋನ್ ಸಂಖ್ಯೆ ಇರಬೇಕು. ತೂಕದ ಯಂತ್ರಕ್ಕೆ ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಸಣ್ಣ ಸಾವಯವ ಬೆಳೆಗಾರ ಬಳಕೆದಾರರಿಗೆ ನೇರ ಮಾರುವುದಾದರೆ ಪ್ರಮಾಣಪತ್ರದಿಂದ 2017ರ ಸಾವಯವ ಆಹಾರ ನಿಯಮಗಳು ವಿನಾಯಿತಿ ಕೊಡುತ್ತವೆ, ಆದರೆ ಪ್ರಮಾಣಿತ ಸಾವಯವ ಎಂದು ಸೂಚಿಸುವ 'ಜೈವಿಕ್ ಭಾರತ್' ಚಿಹ್ನೆ ಹಾಕುವಂತಿಲ್ಲ. ಎನ್‌ಪಿಒಪಿ ದಾರಿ ಹಿಡಿದರೆ ಪರಿವರ್ತನೆಯ ಅವಧಿ ವಾರ್ಷಿಕ ಬೆಳೆಗೆ ಎರಡು ವರ್ಷ, ಬಹುವಾರ್ಷಿಕಕ್ಕೆ ಮೂರು. ರಫ್ತಿನ ಆಸೆ ಇಲ್ಲದವರು ಆ ಖರ್ಚಿಗೆ ಬೀಳಬೇಕಾದ್ದಿಲ್ಲ.

ಒಂದೇ ಬೆಳೆಯ ಮೇಳಗಳು

ನಮ್ಮ ತೂಕ ಇವುಗಳ ಕಡೆಗೇ ವಾಲುತ್ತದೆ. ಹಲಸು, ಗೆಡ್ಡೆ-ಗೆಣಸು, ಅವರೆ, ಮಾವು, ದೇಸಿ ಬೀಜ ಎಂದು ಒಂದೇ ಪದಾರ್ಥದ ಸುತ್ತ ನಡೆಯುವ ಮೇಳಕ್ಕೆ ಬರುವವನು ಅದಕ್ಕೆಂದೇ ಬಂದಿರುತ್ತಾನೆ, ಚೀಲ ಹಿಡಿದೇ ಬಂದಿರುತ್ತಾನೆ. ಉತ್ತರ ಕನ್ನಡದ ಜೋಯಿಡಾದಲ್ಲಿ ಕುಣಬಿ ಸಮುದಾಯದವರು ಮನೆ ಹಿತ್ತಲಿನ ಗೆಡ್ಡೆಗಳನ್ನು ತಂದು ರಾಶಿ ಹಾಕುತ್ತಾರೆ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಸಹಜ ಸಮೃದ್ಧ ಸಂಸ್ಥೆ ಗೆಡ್ಡೆ-ಗೆಣಸು ಮೇಳ, ಹಲಸಿನ ಹಬ್ಬ ನಡೆಸಿಕೊಂಡು ಬಂದಿದೆ. ನಾಟಿ ತಳಿ ಕಾಪಾಡಿಕೊಂಡವರಿಗೆ ಇಲ್ಲಿ ಎರಡು ಲಾಭ. ಒಂದು ಕಡೆ ತಿನ್ನುವವರು, ಇನ್ನೊಂದು ಕಡೆ ನೆಡಲು ಬೀಜ-ಗೆಡ್ಡೆ ಕೇಳುವವರು. ಬೀಜಕ್ಕೆ ಕೊಡುವ ಗೆಡ್ಡೆಗೆ ತಿನ್ನುವ ಗೆಡ್ಡೆಗಿಂತ ಹೆಚ್ಚು ಬೆಲೆ ಇಡಬಹುದು. ಎರಡನ್ನೂ ಬೇರೆ ಬುಟ್ಟಿಯಲ್ಲಿಡಿ, ತಳಿಯ ಹೆಸರು, ನೆಡುವ ತಿಂಗಳು ಬರೆದ ಚೀಟಿ ಸಿಕ್ಕಿಸಿ.

ಗೆಡ್ಡೆ ಸಾಗಿಸುವಾಗ ಮಣ್ಣು ತೊಳೆಯಬೇಡಿ. ತೊಳೆದ ಕೆಸು, ಸುವರ್ಣಗೆಡ್ಡೆ ಎರಡನೇ ದಿನಕ್ಕೆ ಗಾಯದ ಜಾಗದಲ್ಲಿ ಮೆತ್ತಗಾಗುತ್ತದೆ. ಒಣಮಣ್ಣು ಉಜ್ಜಿ ತೆಗೆದರೆ ಸಾಕು. ತೋರಿಸಲು ನಾಲ್ಕನ್ನು ಮಾತ್ರ ತೊಳೆದಿಡಿ. ಬೇಯಿಸಿದ ತುಂಡು, ಒಂದಿಷ್ಟು ಉಪ್ಪು-ಖಾರ ಇಟ್ಟರೆ ಮಾತಿನ ಅಗತ್ಯವೇ ಇಲ್ಲ. ಗಂಟಲು ತುರಿಸುವ ತಳಿಯಾದರೆ ಹುಣಸೆ ಹಾಕಿ ಬೇಯಿಸಲು ಹೇಳಿಕೊಡಿ. ಇಲ್ಲವಾದರೆ ಆ ಗಿರಾಕಿ ಮತ್ತೆ ಬರುವುದಿಲ್ಲ.

ಹಲಸಿನಲ್ಲಿ ಗಾತ್ರವೇ ತೊಡಕು. ಹದಿನೈದು ಕೆಜಿಯ ಹಣ್ಣನ್ನು ನಗರದಲ್ಲಿ ಇಡಿಯಾಗಿ ಕೊಳ್ಳುವವರು ಕಡಿಮೆ, ಬಿಡಿಸುವವರು ಇನ್ನೂ ಕಡಿಮೆ. ಗುಬ್ಬಿ ತಾಲ್ಲೂಕಿನ ಚೇಳೂರು ಭಾಗದ 'ಸಿದ್ದು' ತಳಿಗೆ ಬೇಡಿಕೆ ಬರಲು ತಾಮ್ರಗೆಂಪು ತೊಳೆಯಷ್ಟೇ ಎರಡೂವರೆ-ಮೂರು ಕೆಜಿಯ ಸಣ್ಣ ಹಣ್ಣೂ ಕಾರಣ. ನಿಮ್ಮದು ದೊಡ್ಡ ಹಣ್ಣಾದರೆ ತೊಳೆ ಬಿಡಿಸಿ ಕಾಲು ಕೆಜಿ ಡಬ್ಬಿಯಲ್ಲಿ ಮಾರಿ. ಕೊಬ್ಬರಿ ಎಣ್ಣೆ, ಎರಡು ಚಾಕು, ಕೈಗವಸು, ಸಿಪ್ಪೆಗೆ ದೊಡ್ಡ ಚೀಲ ಬೇಕು. ಬಿಡಿಸಿದ ತೊಳೆ ಸಂಜೆಯೊಳಗೆ ಹೋಗಬೇಕು. ಹಾಗಾಗಿ ಒಮ್ಮೆಗೆ ಒಂದೇ ಹಣ್ಣು ಒಡೆಯಿರಿ.

ಲಾಲ್‌ಬಾಗಿನ ಮಾವಿನ ಮೇಳದಲ್ಲಿ ಬೆಳೆಗಾರ ನೇರ ಕೂರಬಹುದು, ಆದರೆ ಅದು ಹಲವು ದಿನ ನಡೆಯುವ ಮೇಳ. ಎಲ್ಲ ಹಣ್ಣೂ ಒಂದೇ ದಿನ ಮಾಗಿದರೆ ಅರ್ಧ ಕೊಳೆಯುತ್ತದೆ. ಇವತ್ತು ತಿನ್ನುವ, ಎರಡು ದಿನಕ್ಕೆ ಆಗುವ, ನಾಲ್ಕೈದು ದಿನಕ್ಕೆ ಆಗುವ ಹಣ್ಣುಗಳನ್ನು ಬೇರೆ ಬೇರೆ ಕ್ರೇಟ್‌ನಲ್ಲಿಟ್ಟು, ಯಾವುದು ಯಾವಾಗ ಎಂದು ಬರೆದು ಮಾರುವವರ ಮಳಿಗೆ ಮುಂದೆ ಜನ ನಿಲ್ಲುತ್ತಾರೆ. ಕಾರ್ಬೈಡ್ ನಿಷೇಧಿತ; ಹುಲ್ಲಿನಲ್ಲಿ ಮಾಗಿಸಿ ಅಥವಾ ಎಥಿಲೀನ್ ಕೋಣೆಯಿರುವ ಕಡೆ ಹಾಕಿಸಿ. ರಾಮನಗರದ ಹಣ್ಣು ಮೊದಲು, ಶ್ರೀನಿವಾಸಪುರದ್ದು ಆಮೇಲೆ. ಮೇಳದ ದಿನಾಂಕ ನಿಮ್ಮ ಕೊಯ್ಲಿಗೆ ಹೊಂದದಿದ್ದರೆ ಎಳೆಗಾಯಿ ಕಿತ್ತು ಓಡಬೇಡಿ. ಆ ವರ್ಷ ಬಿಟ್ಟುಬಿಡಿ.

ವಾರದ ಸಂತೆ, ಅಪಾರ್ಟ್‌ಮೆಂಟ್ ಸಂತೆ

ಸೊಪ್ಪು, ತರಕಾರಿ, ಮೊಟ್ಟೆ ಮಾರುವವರಿಗೆ ಚರ್ಚೆಯೇ ಬೇಡ, ಇದೇ. ಬೆಂಗಳೂರಿನ 'ರಾಗಿ ಕಣ'ದಂಥ ಭಾನುವಾರದ ಸಂತೆಗಳು, ಬಡಾವಣೆಗಳ ಸಂಘದವರು ತಮ್ಮ ಅಂಗಳದಲ್ಲೇ ಮಾಡಿಸುವ ಸಂತೆಗಳು ಮತ್ತೆ ಮತ್ತೆ ಅದೇ ಮುಖಗಳನ್ನು ತರುತ್ತವೆ. ಮೂರು ವಾರ ತಪ್ಪದೆ ಅದೇ ಜಾಗದಲ್ಲಿ ಕೂತರೆ ನಾಲ್ಕನೇ ವಾರ ಹಿಂದಿನ ದಿನವೇ ಫೋನ್ ಬರಲು ಶುರುವಾಗುತ್ತದೆ. ಒಂದು ವಾರ ತಪ್ಪಿಸಿದರೆ ಗಿರಾಕಿ ಪಕ್ಕದವರ ಹತ್ತಿರ ಹೋಗುತ್ತಾನೆ. ಹಾಗಾಗಿ ಇದು ಒಬ್ಬರೇ ಮಾಡುವ ಕೆಲಸವಲ್ಲ, ಸರದಿ ಇಟ್ಟುಕೊಳ್ಳಿ.

ಸೊಪ್ಪನ್ನು ಹಿಂದಿನ ಸಂಜೆ ಬಿಸಿಲಿಳಿದ ಮೇಲೆ ಕಿತ್ತು, ಒದ್ದೆ ಗೋಣಿಚೀಲ ಹೊದಿಸಿ, ಗಾಳಿಯಾಡುವ ಕ್ರೇಟ್‌ನಲ್ಲಿ ನಿಲ್ಲಿಸಿ. ನೀರು ಚಿಮುಕಿಸಿ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದ ಕೊತ್ತಂಬರಿ ಬೆಳಗಾಗುವಷ್ಟರಲ್ಲಿ ಬಿಸಿಯೇರಿ ಕಪ್ಪಾಗುತ್ತದೆ. ಏಳು ಗಂಟೆಗೆ ಮಳಿಗೆ ಸಿದ್ಧವಿರಬೇಕು. ಉಳಿದದ್ದು ಎಲ್ಲಿಗೆ ಹೋಗಬೇಕು ಎಂಬುದನ್ನು ಹೊರಡುವ ಮೊದಲೇ ಗೊತ್ತುಮಾಡಿಕೊಳ್ಳಿ: ದಾರಿಯಲ್ಲಿನ ಹೋಟೆಲ್ಲೋ, ಮೆಸ್ಸೋ, ಹಾಪ್‌ಕಾಮ್ಸ್ ಕೇಂದ್ರವೋ. ಹನ್ನೊಂದಕ್ಕೆ ಬೆಲೆ ಇಳಿಸುವ ಅಭ್ಯಾಸ ಬೇಡ. ಒಮ್ಮೆ ಗೊತ್ತಾದರೆ ಎಲ್ಲರೂ ಹನ್ನೊಂದಕ್ಕೇ ಬರುತ್ತಾರೆ.

ಕುರಿ ಸಂತೆ, ದನದ ಜಾತ್ರೆ

ಅಮೀನಗಡದ ಕುರಿ ಸಂತೆ, ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಯಂಥ ಕಡೆ ಬೆಲೆ ತಿಳಿಯಲು, ತಳಿ ನೋಡಲು ಹೋಗಲೇಬೇಕು. ಮಾಂಸಕ್ಕೆ ಸ್ಥಳೀಯ ಮಾರುಕಟ್ಟೆ ಕಟ್ಟುವವರಿಗೆ ಮಾತ್ರ ಅದು ಒಳ್ಳೆಯ ಜಾಗವಲ್ಲ, ಕಾರಣ ಅಲ್ಲಿ ವ್ಯಾಪಾರ ಕಣ್ಣಂದಾಜಿನದು. ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಮುಗಿಸುವ ರೂಢಿ ಇನ್ನೂ ಇದೆ. ಪಕ್ಕದಲ್ಲಿ ನಿಂತ ಮಾಲೀಕನಿಗೇ ಆ ಬೆಲೆ ಗೊತ್ತಾಗದೆ ಇರಬಹುದು. ಹೋಗುವ ಮುನ್ನ ಮನೆಯಲ್ಲೇ ನೇತು ಹಾಕುವ ತಕ್ಕಡಿಯಲ್ಲಿ ತೂಗಿ. 30 ಕೆಜಿಯ ಟಗರಿನಿಂದ ಸುಮಾರು 14 ಕೆಜಿ ಮಾಂಸ ಬರುತ್ತದೆ. ನಿಮ್ಮ ಊರಿನ ಮಟನ್ ದರದಿಂದ ಗುಣಿಸಿ, ಕಸಾಯಿಯ ಕೂಲಿ ಮತ್ತು ಲಾಭ ಕಳೆದರೆ ಯಾವ ಬೆಲೆಗಿಂತ ಕೆಳಗೆ ಬಿಡಬಾರದು ಎಂದು ತಿಳಿಯುತ್ತದೆ. ಪಟ್ಟಣದ ಒಬ್ಬಿಬ್ಬರು ಪರವಾನಗಿಯುಳ್ಳ ಮಾಂಸದಂಗಡಿಯವರೊಡನೆ ಜೀವತೂಕದ ಮೇಲೆ ವಾರಕ್ಕಿಷ್ಟು ಎಂದು ಮಾತಾಡಿಕೊಳ್ಳುವುದು ಸಂತೆಗಿಂತ ಗಟ್ಟಿ ದಾರಿ.

ರೋಗದ ಭಯವೂ ಇದೆ. 2022ರಲ್ಲಿ ಚರ್ಮಗಂಟು ರೋಗ ಹಬ್ಬಿದಾಗ ದನದ ಜಾತ್ರೆಗಳನ್ನೇ ನಿಲ್ಲಿಸಬೇಕಾಯಿತು. ಕುರಿ-ಮೇಕೆಗಳಿಗೆ ಪಿಪಿಆರ್ ರೋಗದ ಲಸಿಕೆಯನ್ನು ಸಂತೆಗೆ ಮೂರು ವಾರ ಮುಂಚೆ ಹಾಕಿಸಿ, ಮಾರಾಟವಾಗದೆ ವಾಪಸು ಬಂದದ್ದನ್ನೂ ಹೊಸದಾಗಿ ತಂದದ್ದನ್ನೂ ಮೂರು ವಾರ ಹಿಂಡಿಗೆ ಸೇರಿಸಬೇಡಿ.

ಹತ್ತು ಮಂದಿಯ ಸಭೆ

ಇದನ್ನು ಮೇಳ ಎಂದು ಯಾರೂ ಕರೆಯುವುದಿಲ್ಲ, ಪೆಂಡಾಲೂ ಇರುವುದಿಲ್ಲ. ಅಕ್ಕಪಕ್ಕದ ಊರಿನ ಬೆಳೆಗಾರರು ಒಬ್ಬರ ತೋಟದಲ್ಲಿ ತಿಂಗಳಿಗೊಮ್ಮೆ ಸೇರುವುದು, ಖರ್ಚು ಊಟದ್ದಷ್ಟೇ. ಪಿಜಿಎಸ್ ಗುಂಪಿಗೆ ಕನಿಷ್ಠ ಐದು ಮಂದಿ ಬೇಕು, ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಆ ಭೇಟಿಯನ್ನೇ ಸಭೆಯಾಗಿಸಿಕೊಂಡರೆ ಕೆಲಸ ಒಂದೇ ಏಟಿಗೆ ಮುಗಿಯುತ್ತದೆ.

ಸಭೆಯಲ್ಲಿ ಮಾತಾಡಬೇಕಾದ್ದು ಯಾರು, ಯಾವಾಗ, ಏನು ಬಿತ್ತುತ್ತಾರೆ ಎಂಬುದು. ಪಟ್ಟಣದಲ್ಲಿ ನೂರು ಮನೆ ವಾರಕ್ಕೆ ಮೂರು ಕೆಜಿಯಂತೆ ಕೊಳ್ಳುತ್ತವೆ ಅನ್ನಿ, ವಾರಕ್ಕೆ 300 ಕೆಜಿ ಬೇಕು, ಐದು ಮಂದಿಗೆ ತಲಾ 60. ಎಲ್ಲರೂ ಒಂದೇ ದಿನ ಮೆಂತ್ಯ ಚೆಲ್ಲಿದರೆ ತಿಂಗಳ ಕೊನೆಗೆ ಸಂತೆ ತುಂಬ ಮೆಂತ್ಯ, ಮುಂದಿನ ಮೂರು ವಾರ ಬರಿಗೈ. ಮೆಂತ್ಯ, ದಂಟು ಕೀಳಲು 25ರಿಂದ 30 ದಿನ, ಕೊತ್ತಂಬರಿಗೆ 40ರಿಂದ 45. ವಾರಕ್ಕೊಬ್ಬರಂತೆ ಸರದಿಯಲ್ಲಿ ಬಿತ್ತಿ, ಯಾರ ಸೊಪ್ಪು ಯಾವ ಭಾನುವಾರಕ್ಕೆ ಎಂದು ಕ್ಯಾಲೆಂಡರ್ ಮೇಲೆ ಬರೆದುಕೊಳ್ಳಿ. ಬೆಲೆಯನ್ನೂ ಇಲ್ಲೇ ಗೊತ್ತುಮಾಡಿ. ಒಂದೇ ಗುಂಪಿನ ಇಬ್ಬರು ಸಂತೆಯಲ್ಲಿ ಎರಡು ಬೆಲೆ ಹೇಳಿದ ದಿನ ಗುಂಪು ಒಡೆಯಲು ಶುರು.

ಯಾರಿಗೆ ಯಾವುದು

ವರ್ಷಕ್ಕೆ ಐದು ಸಾವಿರಕ್ಕಿಂತ ಹೆಚ್ಚು ಹಾಕಲಾಗದವರು ಸಭೆಯಿಂದ ಶುರುಮಾಡಿ, ಹತ್ತಿರದ ಒಂದೇ ಒಂದು ಸಂತೆ ಹಿಡಿಯಿರಿ. ಮನೆಯಿಂದ 30-40 ಕಿಲೋಮೀಟರ್ ಒಳಗಿದ್ದರೆ ಒಳ್ಳೆಯದು. ಇಪ್ಪತ್ತು ಸಾವಿರದವರೆಗೆ ತೆಗೆದಿಡಬಲ್ಲ ಗುಂಪು ಅದರ ಮೇಲೆ ತಮ್ಮ ಬೆಳೆಯದೇ ಒಂದು ಮೇಳ ಸೇರಿಸಿಕೊಳ್ಳಲಿ. ವಾಣಿಜ್ಯ ಮೇಳ ಎಫ್‌ಪಿಒಗಳಿಗೆ, ಅದೂ ಕಾಳು ಕಾದಿಡುವ ಗೋದಾಮು, ನಂಬುವಂಥ ಮಿಲ್ ಇದ್ದವರಿಗೆ. ಇವೆರಡೂ ಇಲ್ಲದೆ ದೊಡ್ಡ ಆರ್ಡರ್ ಹಿಡಿದವರು ಹೊರಗಿನ ಕಾಳು ಕೊಂಡು ತುಂಬಿಸಲು ಹೋಗಿ ಕೈಸುಟ್ಟುಕೊಳ್ಳುತ್ತಾರೆ. ಹಾಲು ಡೇರಿಗೆ ಹಾಕಿ ಉಳಿದದ್ದನ್ನು ತುಪ್ಪ ಮಾಡುವವರಿಗೆ ಸಂತೆ ಮತ್ತು ಫೋನ್ ಆರ್ಡರ್ ಸಾಕು. ತುಪ್ಪ ತಾಳುತ್ತದೆ, ಅವಸರವಿಲ್ಲ.

ಯಾವ ಮೇಳಕ್ಕೇ ಹೋಗಿ, ಒಂದು ನೂರು ಪುಟದ ನೋಟ್‌ಬುಕ್ ಮೇಜಿನ ಮೇಲಿರಲಿ. ಹೆಸರು, ಫೋನ್, ಬಡಾವಣೆ, ಏನು ಕೊಂಡರು, ಏನು ಕೇಳಿದರು ಎಂದು ಐದು ಕಾಲಂ. ವಾಪಸು ಬಂದ ನಾಲ್ಕು ದಿನದೊಳಗೆ ಅದರಲ್ಲಿದ್ದ ಪ್ರತಿಯೊಬ್ಬರಿಗೂ ಫೋನ್ ಮಾಡಿ. ಹದಿನೈದು ದಿನ ಬಿಟ್ಟರೆ ನೀವು ಯಾರೆಂದು ಹೇಳಲು ಅರ್ಧ ಮಾತು ಖರ್ಚಾಗುತ್ತದೆ. ಒಂದೇ ಬಡಾವಣೆಯ ಹದಿನೈದು-ಇಪ್ಪತ್ತು ಹೆಸರು ಸಿಕ್ಕರೆ ಅಲ್ಲಿಗೆ ತಿಂಗಳಿಗೊಂದು ಗಾಡಿ ಕಳಿಸಬಹುದೇ ಎಂದು ಲೆಕ್ಕ ಹಾಕಿ. ಊರೆಲ್ಲ ಚದುರಿದ ಐವತ್ತು ಹೆಸರಿಗಿಂತ ಆ ಇಪ್ಪತ್ತಕ್ಕೆ ಬೆಲೆ ಹೆಚ್ಚು.